ಅಪ್ಪ ಕೊಟ್ಟ ಕಣ್ಣಿನ ಗುಳಿಗೆ

ನಮ್ಮ ಬೀದಿಯ ಮಕ್ಕಳೆಲ್ಲ ಅಮ್ಮನನ್ನು ಕರೆಯುತ್ತಿದ್ದದ್ದು ಚಮಚದಮ್ಮ ಅಂತ. ಆರೋಗ್ಯ ಕೇಂದ್ರದಲ್ಲಿ ಅವಳು ನರ್ಸು. ಚುಚ್ಚುಮದ್ದು ಹಾಕುವುದೂ ಅವಳದೇ ಕೆಲಸ. ಆದರೆ ಮಕ್ಕಳು ದೊಡ್ಡ ಮನಸ್ಸು ಮಾಡಿ ಸೂಜಿಯನ್ನು ಮರೆತು, ಆರು ತಿಂಗಳಿಗೊಮ್ಮೆ ಬಾಯಿಗೆ ಹಾಕುವ ಹಳದಿ ಔಷಧಿಯ ಚಮಚವನ್ನಷ್ಟೇ ನೆನಪಿಟ್ಟುಕೊಂಡಿದ್ದವು. ಎ ವಿಟಮಿನ್ನಿನ ಔಷಧಿ ಅದು. ವರ್ಷ ತುಂಬದ ಕೂಸಿಗೆ ಚಮಚದ ಅರ್ಧ ಗೀಟಿನವರೆಗೆ, ವರ್ಷ ತುಂಬಿದ ಮೇಲೆ ಪೂರ್ತಿ, ಐದು ವರ್ಷ ಆಗುವ ತನಕ. ಕಾರ್ಡು ನೋಡದೆ ಅಮ್ಮ ಚಮಚ ಮುಟ್ಟುತ್ತಿರಲಿಲ್ಲ. ಕಾರ್ಡು ಕಳೆದುಹೋಗಿದೆ ಅಂದರೆ, ಸಾಲಿನಲ್ಲಿ ಇಪ್ಪತ್ತು ಜನ ನಿಂತಿದ್ದರೂ ಸರಿ, ದಪ್ಪ ರಿಜಿಸ್ಟರು ತೆಗೆದು ಆ ಮಗುವಿನ ಸಾಲು ಸಿಗುವವರೆಗೆ ಬೆರಳು ಓಡಿಸುತ್ತಿದ್ದಳು.

ಒಮ್ಮೆ ಒಬ್ಬ ಅಜ್ಜಿ ಮೊಮ್ಮಗನನ್ನು ಎರಡೇ ತಿಂಗಳಿಗೆ ಮತ್ತೆ ಎತ್ತಿಕೊಂಡು ಬಂದದ್ದು ನನಗೆ ನೆನಪಿದೆ. ಆಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ, ಅಮ್ಮನ ಕೆಲಸ ಮುಗಿಯಲಿ ಅಂತ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆ.

"ಹೋದ ಸಲ ಹಾಕಿದ ಮೇಲೆ ಚೆನ್ನಾಗಿ ಊಟ ಮಾಡ್ತಿದಾನಮ್ಮ. ಇನ್ನೊಂದು ಚಮಚ ಹಾಕಿಬಿಡು. ಒಳ್ಳೇದು ಜಾಸ್ತಿ ಆದ್ರೆ ಏನಾಗುತ್ತೆ?"

"ಆಗೋದು ಕೆಟ್ಟದ್ದೇ ಅಜ್ಜಿ," ಅಂದಳು ಅಮ್ಮ. "ಕೆಲವು ವಿಟಮಿನ್ ಹೆಚ್ಚಾದ್ರೆ ಉಚ್ಚೇಲಿ ಹೋಗಿಬಿಡುತ್ತೆ. ಇದು ಹಾಗಲ್ಲ, ಕೊಬ್ಬಿನಲ್ಲಿ ಕರಗೋದು. ಬಂದಿದ್ದೆಲ್ಲ ಲಿವರಿನಲ್ಲಿ ಠಿಕಾಣಿ ಹೂಡುತ್ತೆ. ಹೋಗು ಅಂದ್ರೆ ಹೋಗಲ್ಲ. ಇನ್ನು ನಾಲ್ಕು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ, ನಾನೇ ಹಾಕ್ತೀನಿ."

ಅಜ್ಜಿ ಗೊಣಗುತ್ತಾ ಹೋದಳು. ಅಮ್ಮನ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ.

ಅಪ್ಪ ವಾಚು ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಎದುರಾಗಿ ಎತ್ತರದ ಮೇಜು, ಅದರ ಮೇಲೆ ಬಾಗಿದ ದೀಪ, ಎಡಗಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಕನ್ನಡಿ, ಚಿಮಟಗಳು, ಸಣ್ಣ ಸಣ್ಣ ಡಬ್ಬಿಗಳಲ್ಲಿ ಮುಳ್ಳು, ಚಕ್ರ, ಸ್ಕ್ರೂ. ಕಣ್ಣಿಗೂ ಕಾಣದಂಥ ಸ್ಕ್ರೂಗಳು. ಅವನು ಕೆಲಸಕ್ಕೆ ಕೂತಾಗ ಮನೆಯಲ್ಲಿ ಯಾರೂ ಸೀನುವ ಹಾಗಿರಲಿಲ್ಲ. ಮಾತು ಕಡಿಮೆ. ಆದರೆ ಅಮ್ಮ ಊಟದ ಹೊತ್ತಿನಲ್ಲಿ ಆರೋಗ್ಯ ಕೇಂದ್ರದ ಸುದ್ದಿ ಹೇಳಲು ಶುರುಮಾಡಿದರೆ ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದ.

ಅವಳು ಹತ್ತಾರು ಸಲ ಹೇಳಿದ ಕಥೆ ಒಂದಿತ್ತು. ನಾಲ್ಕು ವರ್ಷದ ಒಂದು ಹುಡುಗಿ, ಸಂಜೆ ಕತ್ತಲಾಗುತ್ತಿದ್ದ ಹಾಗೆ ಗೋಡೆ ತಡಕುತ್ತಿದ್ದಳಂತೆ, ಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಿದ್ದಳಂತೆ. ಕಣ್ಣು ಒಣಗಿ ಹೊಳಪೇ ಇರಲಿಲ್ಲ. ಡಾಕ್ಟರು ನೋಡಿ, ಎ ವಿಟಮಿನ್ ಕೊರತೆ ಅಂತ ಹೇಳಿ, ಲೆಕ್ಕ ಹಾಕಿ ಮೂರು ಸಲ ಔಷಧಿ ಹಾಕಿಸಿದರು. ಸ್ವಲ್ಪ ದಿನ ಬಿಟ್ಟು ಅಮ್ಮ ಅವರ ಮನೆಗೆ ಹೋದಾಗ ಆ ಹುಡುಗಿ ಮುಸ್ಸಂಜೆಯಲ್ಲಿ ಕೋಳಿಯ ಹಿಂದೆ ಓಡುತ್ತಿದ್ದಳು. "ಕೋಳಿ ಹಿಂದೆ ರೀ!" ಅನ್ನುವಾಗ ಅಮ್ಮ ಪ್ರತಿ ಸಲವೂ ಬಡಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದಳು.

ಆ ಕಥೆ ಅಪ್ಪನ ಮನಸ್ಸಿನಲ್ಲಿ ಎಲ್ಲೋ ಗಟ್ಟಿಯಾಗಿ ಕೂತುಬಿಟ್ಟಿತ್ತು ಅನ್ನುವುದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಅಪ್ಪನಿಗೆ ಅರವತ್ತೊಂದಾದಾಗ ಕಣ್ಣು ಮಂಜಾಗತೊಡಗಿತು. ಯಾರಿಗೂ ಹೇಳಲಿಲ್ಲ. ದೀಪದ ಬಲ್ಬು ಸರಿಯಿಲ್ಲ ಅಂತ ಮೂರು ಸಲ ಬದಲಾಯಿಸಿದ. ಒಂದು ದಿನ ಒಬ್ಬರು ತಮ್ಮ ತಂದೆಯ ಕಾಲದ ವಾಚನ್ನು ವಾಪಸ್ಸು ತಂದು, "ಯಾಕೋ ನಿಮ್ಮ ಕೈ ಮೊದಲಿನ ಹಾಗಿಲ್ಲ" ಅಂದುಬಿಟ್ಟರಂತೆ. ಒಳಗೆ ಒಂದು ಸ್ಕ್ರೂ ಓರೆಯಾಗಿ ಕೂತಿತ್ತು. ನಲವತ್ತು ವರ್ಷದಲ್ಲಿ ಅಂಥ ಮಾತು ಅವನು ಕೇಳಿರಲಿಲ್ಲ. ಅವತ್ತು ಸಂಜೆಯೇ ಮೆಡಿಕಲ್ ಶಾಪಿಗೆ ಹೋಗಿ, "ಕಣ್ಣಿಗೆ ಒಳ್ಳೇದು, ಎ ವಿಟಮಿನ್ ಕೊಡಿ" ಅಂತ ಕೇಳಿದ. ಯಾರಿಗೆ, ಏನಕ್ಕೆ, ಡಾಕ್ಟರು ಬರೆದುಕೊಟ್ಟಿದ್ದಾರಾ ಅಂತ ಅಂಗಡಿಯವನು ಕೇಳಲಿಲ್ಲ, ಇವನೂ ಹೇಳಲಿಲ್ಲ.

ಮೊದಲು ದಿನಕ್ಕೊಂದು. ತಿಂಗಳಾದರೂ ಮಂಜು ಕರಗಲಿಲ್ಲ, ಎರಡು ಮಾಡಿದ. ಆಮೇಲೆ ಮೂರು. ಅದರ ಜೊತೆಗೆ ಮೀನೆಣ್ಣೆಯ ಗುಳಿಗೆ. ಸಾಲದ್ದಕ್ಕೆ ಬೆಳಿಗ್ಗೆ ಎದ್ದರೆ ಕ್ಯಾರೆಟ್ ರಸ. ಕ್ಯಾರೆಟ್ಟು ಅಮ್ಮನ ಕಣ್ಣಿಗೆ ಬೀಳುತ್ತಿತ್ತು, "ಈ ವಯಸ್ಸಿನಲ್ಲಾದ್ರೂ ತರಕಾರಿ ತಿನ್ನೋ ಬುದ್ಧಿ ಬಂತಲ್ಲ" ಅಂತ ಖುಷಿಪಟ್ಟಳು. ಗುಳಿಗೆಗಳು ಮಾತ್ರ ವಾಚಿನ ಹಳೇ ಪಟ್ಟಿಗಳ ಡಬ್ಬಿಯಲ್ಲಿದ್ದವು. ಆ ಡಬ್ಬಿಗೆ ಯಾರೂ ಕೈಹಾಕುತ್ತಿರಲಿಲ್ಲ.

ನಾನು ಮದುವೆಯಾಗಿ ಎರಡು ಬೀದಿ ಆಚೆ ಇದ್ದೆ. ಅಂಚೆ ಕಚೇರಿಯಲ್ಲಿ ನನಗೆ ಕೆಲಸ, ನನ್ನ ಗಂಡ ಬಸ್ಸು ಓಡಿಸುತ್ತಾನೆ. ವಾರಕ್ಕೆರಡು ಸಲವಾದರೂ ತವರಿಗೆ ಹೋಗಿಬರುತ್ತಿದ್ದೆ. ಹೋದಾಗಲೆಲ್ಲ ಅಪ್ಪ ಸ್ವಲ್ಪ ಇಳಿದುಹೋಗಿರುವ ಹಾಗೆ ಕಾಣುತ್ತಿದ್ದ. ತುಟಿ ಬಿರುಕುಬಿಟ್ಟಿತ್ತು. ಬಾಚಣಿಗೆಯ ತುಂಬ ಕೂದಲು. ಮೊಣಕಾಲು ನೋವು, ಬೆಳಿಗ್ಗೆ ಎದ್ದರೆ ತಲೆನೋವು. ಅಮ್ಮ ಬಿಪಿ ನೋಡಿದಳು, ಸಕ್ಕರೆ ನೋಡಿದಳು, ಎಲ್ಲ ಸರಿಯಾಗಿಯೇ ಇತ್ತು. ತುಟಿಗೆ ಬೆಣ್ಣೆ ಸವರಿ, "ವಯಸ್ಸಾಯ್ತು ನಿಮಗೆ, ಒಪ್ಕೊಳಿ" ಅಂದಳು. ಅಪ್ಪ ಸಿಡಿದುಬಿದ್ದ. ಅವನು ಅಮ್ಮನ ಮೇಲೆ ಗದರಿದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಗದರಿದ್ದಕ್ಕೆ ಅವನೇ ಗಾಬರಿಯಾಗಿ, ಹೋಗಿ ಮೇಜಿನ ಮುಂದೆ ಕೂತ.

ಆ ದಿನಗಳಲ್ಲೇ ನಾನು ಬಸುರಿ ಅಂತ ಗೊತ್ತಾಯಿತು. ಮದುವೆಯಾಗಿ ಆರು ವರ್ಷ ಕಾದಿದ್ದೆವು. ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ, ಆದರೂ ಸುದ್ದಿ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ಓಡಿಹೋಗಿ ಹೇಳಿದೆ. ಅಮ್ಮ ನನ್ನನ್ನು ಹಿಡಿದುಕೊಂಡು ಅತ್ತಳು. ಅಪ್ಪ ನನ್ನ ತಲೆ ಸವರಿದ. ಹೊರಡುವಾಗ ಬಾಗಿಲವರೆಗೆ ಬಂದು, ವಾಚು ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪುಟ್ಟ ಸೀಸೆಯನ್ನು ನನ್ನ ಚೀಲಕ್ಕೆ ಹಾಕಿದ.

"ದಿನಕ್ಕೊಂದು ತಗೋ. ಮಗೂ ಕಣ್ಣು ಚೆನ್ನಾಗಿರಲಿ. ನನ್ನ ಥರ ಆಗೋದು ಬೇಡ."

"ನಿನ್ನ ಕಣ್ಣಿಗೆ ಏನಾಗಿದೆ ಅಪ್ಪ?"

"ಏನಾಗಿಲ್ಲ. ಅಮ್ಮಂಗೆ ಹೇಳಬೇಡ, ನೂರೆಂಟು ಪ್ರಶ್ನೆ ಕೇಳ್ತಾಳೆ."

ನರ್ಸಿನ ಮಗಳು ನಾನು. ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬಾರದು ಅಂತ ಹಾಲುಹಲ್ಲಿನ ಕಾಲದಿಂದ ಕೇಳಿಕೊಂಡು ಬೆಳೆದವಳು. ಆದರೂ ನುಂಗಿದೆ. ಅಪ್ಪ ಕೊಟ್ಟದ್ದು, ಅದರಲ್ಲೇನು ಅನ್ನಿಸಿತು. ಮೂರು ದಿನ ನುಂಗಿದೆ. ನಾಲ್ಕನೆಯ ದಿನ ವಾಂತಿ ಶುರುವಾಯಿತು. ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಸೀಸೆ ಬಟ್ಟೆಗಳ ಕಪಾಟಿನ ಮೂಲೆ ಸೇರಿತು, ಮರೆತೂಹೋಯಿತು.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ, ಅಪ್ಪ ಅಮ್ಮನನ್ನು ದಿಟ್ಟಿಸಿ ನೋಡಿ, "ಒಬ್ಬಳನ್ನೇ ಸಂಭಾಳಿಸೋಕಾಗಲ್ಲ, ಇವತ್ತು ಇಬ್ಬರು ಕಾಣ್ತಿದೀರಲ್ಲೇ" ಅಂದನಂತೆ.

ಅಮ್ಮ ನಗಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಎದ್ದಳು. ಅರ್ಧ ಗಂಟೆಯಲ್ಲಿ ನನಗೆ ಫೋನು ಬಂತು.

ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ನಾವು ಮೂವರೂ ಕೂತಿದ್ದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುತ್ತಿದ್ದರು. ಅಪ್ಪನ ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದೆ ನರ ಊದಿಕೊಂಡಿದೆ, ತಲೆಯೊಳಗೆ ಒತ್ತಡ ಹೆಚ್ಚಾದಾಗ ಹೀಗಾಗುತ್ತೆ, ತಕ್ಷಣ ಸ್ಕ್ಯಾನ್ ಆಗಬೇಕು ಅಂದರು. ಸ್ಕ್ಯಾನಿಗೆ ಎರಡು ಗಂಟೆ ಕಾದೆವು. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದೇ ಪದ. ಅದನ್ನು ಆಡಿದರೆ ನಿಜವಾಗಿಬಿಡುತ್ತೋ ಅನ್ನುವ ಹೆದರಿಕೆ.

"ಗೆಡ್ಡೆ ಏನೂ ಇಲ್ಲ," ಅಂದರು ಡಾಕ್ಟರಮ್ಮ ಕೊನೆಗೆ. ಅಮ್ಮ ಉಸಿರು ಬಿಟ್ಟಳು. "ಆದ್ರೆ ಒತ್ತಡ ಯಾಕೆ ಹೆಚ್ಚಾಗಿದೆ ಅಂತ ಗೊತ್ತಾಗಬೇಕು. ಯಾವುದಾದ್ರೂ ಮಾತ್ರೆ ತಗೋತಿದೀರಾ ಸರ್?"

"ಮಾತ್ರೆ ಏನಿಲ್ಲ," ಅಂದ ಅಪ್ಪ.

ಅಮ್ಮ ಸಮಾಧಾನಕ್ಕೆಂದು ಅವನ ಕೈ ಹಿಡಿದುಕೊಂಡಿದ್ದಳು. ಅವಳ ಹೆಬ್ಬೆರಳು ಅವನ ಅಂಗೈ ಮೇಲೆ ಆಡುತ್ತಿತ್ತು. ಇದ್ದಕ್ಕಿದ್ದ ಹಾಗೆ ಆ ಬೆರಳು ನಿಂತಿತು. ಅವಳು ಅಂಗೈಯನ್ನು ಬೆಳಕಿಗೆ ತಿರುಗಿಸಿದಳು. ಚರ್ಮ ಸಿಪ್ಪೆಸಿಪ್ಪೆಯಾಗಿ ಏಳುತ್ತಿತ್ತು. ತುಟಿ ನೋಡಿದಳು, ತಲೆಗೂದಲು ನೋಡಿದಳು. ಬೇರೆ ಬೇರೆ ದಿನ ಬೇರೆ ಬೇರೆಯಾಗಿ ನೋಡಿದ್ದನ್ನೆಲ್ಲ ಒಟ್ಟಿಗೆ ನೋಡಿದಳು. ಅವಳ ಮುಖ ಬದಲಾಯಿತು.

"ರೀ, ಏನ್ ತಗೋತಿದೀರಿ?" ತೀರಾ ಮೆಲ್ಲಗೆ ಕೇಳಿದಳು. "ನನ್ನ ಹತ್ರ ಹೇಳಿ. ಬೈಯಲ್ಲ."

ಅಪ್ಪ, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವ ಮಗುವಿನ ಹಾಗೆ ನೆಲ ನೋಡುತ್ತಾ, "ಎ ವಿಟಮಿನ್. ಮಾತ್ರೆ ಅಲ್ಲ ಅದು, ವಿಟಮಿನ್ನು. ಕಣ್ಣಿಗೆ ಒಳ್ಳೇದು ಅಂತ ನೀನೇ ಹೇಳಿದ್ದಲ್ಲ, ಕೋಳಿ ಹುಡುಗಿ..." ಅಂದ.

ದಿನಕ್ಕೆ ಎಷ್ಟು, ಎಷ್ಟು ತಿಂಗಳಿಂದ ಅಂತ ಡಾಕ್ಟರಮ್ಮ ಒಂದೊಂದಾಗಿ ಕೇಳಿ ಬರೆದುಕೊಂಡರು. ಒಂದು ಗುಳಿಗೆಯಲ್ಲಿ ಇಪ್ಪತ್ತೈದು ಸಾವಿರ ಯೂನಿಟ್ಟು. ದಿನಕ್ಕೆ ಮೂರು. ಒಟ್ಟು ಎಂಟು ತಿಂಗಳು. ಮೇಲೆ ಮೀನೆಣ್ಣೆ.

"ನಿಮಗೆ ದಿನಕ್ಕೆ ಬೇಕಾಗಿರೋದು ಸುಮಾರು ಮೂರು ಸಾವಿರ ಸರ್. ಅದು ಊಟದಲ್ಲೇ ಸಿಕ್ಕಿಹೋಗುತ್ತೆ. ನೀವು ಎಪ್ಪತ್ತೈದು ಸಾವಿರದ ಮೇಲೆ ನುಂಗಿದೀರಿ. ತಲೆನೋವು, ಮೂಳೆನೋವು, ಕೂದಲು ಉದುರೋದು, ಎರಡೆರಡು ಕಾಣೋದು, ಎಲ್ಲಾ ಅದರದೇ ಕೆಲಸ ಇರಬೇಕು."

"ಮಕ್ಕಳಿಗೆ ಒಂದೇ ಸಲಕ್ಕೆ ಲಕ್ಷ, ಎರಡು ಲಕ್ಷ ಹಾಕ್ತಾರಲ್ಲ," ಅಂದ ಅಪ್ಪ. ಅವನಿಗೂ ಲೆಕ್ಕ ಗೊತ್ತಿತ್ತು.

ಉತ್ತರ ಕೊಟ್ಟವಳು ಅಮ್ಮ. "ಆರು ತಿಂಗಳಿಗೆ ಒಂದು ಸಲ ರೀ. ಅದೂ ಊಟದಲ್ಲಿ ಸಾಕಷ್ಟು ಸಿಗದೇ ಇರೋ ಮಕ್ಕಳು ಇರೋ ಕಡೆ. ಲಿವರು ಅದನ್ನ ಎತ್ತಿಟ್ಟುಕೊಂಡು ದಿನಾ ಸ್ವಲ್ಪ ಸ್ವಲ್ಪ ಖರ್ಚು ಮಾಡುತ್ತೆ. ನೀವು ಖರ್ಚು ಮಾಡೋಕೆ ಬಿಡದೆ ದಿನಾ ತುಂಬ್ತಾನೇ ಹೋಗಿದೀರಿ." ಬೈಯುವುದಿಲ್ಲ ಅಂದಿದ್ದಳು, ಬೈಯಲೂ ಇಲ್ಲ.

"ಕ್ಯಾರೆಟ್ಟೂ ಬಿಡಬೇಕಾ?" ಅಪ್ಪ ಕೇಳಿದ.

ಡಾಕ್ಟರಮ್ಮನಿಗೆ ನಗು ಬಂತು. "ಕ್ಯಾರೆಟ್ ಪಾಪ, ಅದರ ತಪ್ಪಿಲ್ಲ. ಮೈ ತನಗೆ ಬೇಕಾದಷ್ಟನ್ನೇ ಅದರಿಂದ ಮಾಡ್ಕೊಳ್ಳುತ್ತೆ. ತೀರಾ ಜಾಸ್ತಿ ತಿಂದ್ರೆ ಅಂಗೈ ಹಳದಿ ಆಗುತ್ತೆ ಅಷ್ಟೆ. ಗುಳಿಗೆ ಮಾತ್ರ ಇವತ್ತಿಗೇ ನಿಲ್ಲಬೇಕು, ಮೀನೆಣ್ಣೇನೂ, ಅದರಲ್ಲೂ ಇದೇ ವಿಟಮಿನ್ ಇದೆ. ಮನೇಲಿ ಉಳಿದಿದ್ರೆ ತಂದು ಇಲ್ಲಿ ಕೊಟ್ಟುಬಿಡಿ. ಬಸುರಿ ಹೆಂಗಸರು ಯಾರಾದ್ರೂ ಇದ್ರೆ ಅವರ ಕೈಗಂತೂ ಸಿಗಲೇಬಾರದು. ಮೊದಲ ತಿಂಗಳುಗಳಲ್ಲಿ ಮಗೂಗೆ ಅದು..."

ಅವರು ಮಾತು ಮುಗಿಸಲಿಲ್ಲ. ಅಪ್ಪ ಎದ್ದು ನಿಂತಿದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಅವನು ನನ್ನ ಕಡೆ ತಿರುಗಿದ. ಎರಡೆರಡು ಕಾಣುತ್ತಿದ್ದ ಕಣ್ಣಿಗೆ ನಾನು ಎಲ್ಲಿದ್ದೇನೆ ಅಂತ ಸರಿಯಾಗಿ ತಿಳಿಯದೆ, ಗಾಳಿಯಲ್ಲಿ ಕೈ ಚಾಚಿದ.

"ಎಷ್ಟು ತಗೊಂಡೆ ಮಗಳೇ? ಎಷ್ಟು ತಗೊಂಡೆ?"

"ಮೂರು," ಅಂದೆ. "ಮೂರೇ ಮೂರು ಅಪ್ಪ. ಆಮೇಲೆ ಬಿಟ್ಟೆ."

ಅಮ್ಮ ನಮ್ಮಿಬ್ಬರನ್ನೂ ನೋಡಿದಳು. ಏನು ನಡೆದಿದೆ ಅನ್ನುವುದು ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅಪ್ಪನನ್ನು ಭುಜ ಹಿಡಿದು ಕೂರಿಸಿ, ನನ್ನ ಕೈ ಹಿಡಿದು ಅದೇ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ನಡೆದಳು.

ಅಲ್ಲಿಯ ಹಿರಿಯ ಡಾಕ್ಟರಮ್ಮ ನನ್ನ ದಿನಗಳನ್ನೂ ಗುಳಿಗೆಯ ಯೂನಿಟ್ಟನ್ನೂ ಕೇಳಿ ತಿಳಿದುಕೊಂಡರು. ಬಸುರಿಯರು ಡಾಕ್ಟರು ಹೇಳದೆ ದಿನಕ್ಕೆ ಹತ್ತು ಸಾವಿರ ಯೂನಿಟ್ಟು ದಾಟಬಾರದು, ದಿನಾ ದಾಟುತ್ತಾ ಹೋದರೆ ಮಗುವಿನ ಮುಖ, ಹೃದಯ, ಮಿದುಳು ಮೂಡುವುದರಲ್ಲಿ ಏರುಪೇರಾಗುವ ಅಪಾಯ ಇದೆ ಅಂತ ಹೇಳಿದರು. "ಮೂರೇ ದಿನ ಅಂದ್ರೆ ಅಪಾಯ ತುಂಬಾ ಕಡಿಮೆ. ಇಲ್ಲವೇ ಇಲ್ಲ ಅಂತ ಸುಳ್ಳು ಹೇಳಲ್ಲ. ಐದನೇ ತಿಂಗಳಲ್ಲಿ ದೊಡ್ಡ ಸ್ಕ್ಯಾನ್ ಮಾಡೋಣ. ಅಲ್ಲಿವರೆಗೆ ಚೆನ್ನಾಗಿ ಊಟ ಮಾಡಿ, ನಾನು ಬರೆದುಕೊಟ್ಟಿದ್ದು ಬಿಟ್ಟು ಬೇರೇನೂ ತಗೋಬೇಡಿ."

ಅಂದರೆ ಮೂರು ತಿಂಗಳು ಕಾಯಬೇಕು.

ಮನೆಗೆ ಬಂದು ಅಮ್ಮ ಪಟ್ಟಿಗಳ ಡಬ್ಬಿಯನ್ನು ನೆಲಕ್ಕೆ ಸುರಿದಳು. ಖಾಲಿ ಸೀಸೆಗಳೇ ಒಂಬತ್ತಿದ್ದವು. ಅವುಗಳ ಮಧ್ಯೆ ಕೂತು ಅತ್ತಳು. "ಬೀದಿ ಮಕ್ಕಳದೆಲ್ಲ ಕಾರ್ಡು ನೋಡಿದೆ. ಮನೇಲಿರೋರಿಗೆ ಏನು ನುಂಗ್ತಿದೀರಿ ಅಂತ ಒಂದಿನ ಕೇಳಲಿಲ್ಲ." ನಾನು ಪಕ್ಕದಲ್ಲಿ ಕೂತೆ. ಅವಳ ತಪ್ಪಲ್ಲ ಅಂದರೆ ಅಪ್ಪನ ತಪ್ಪು ಅಂದ ಹಾಗಾಗುತ್ತಿತ್ತು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ನನ್ನ ಗಂಡನಿಗೆ ಹೇಳಿದಾಗ ಅವನು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಗಿ, ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ತಲೆಯೊಳಗಿನ ಒತ್ತಡ ಅಳೆದು ಇಳಿಸಲು ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯುವಾಗ ಅಪ್ಪ ಹಿಡಿದುಕೊಂಡಿದ್ದದ್ದು ಅವನ ಕೈಯನ್ನೇ.

ಅಪ್ಪ ಮಾತ್ರ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ನಾನು ಹೋದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದ. ಹದಿನೈದು ದಿನ ನೋಡಿದೆ. ಒಂದು ಮಧ್ಯಾಹ್ನ ಅಂಚೆ ಕಚೇರಿಗೆ ಅರ್ಧ ದಿನ ರಜೆ ಹಾಕಿ ಬಂದು, ಮೇಜಿನ ಎದುರು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ತಲೆ ಎತ್ತಲಿಲ್ಲ.

"ನಿನ್ನ ಮುಖ ನೋಡೋಕಾಗಲ್ಲ ಕಣೇ ನಂಗೆ," ಅಂದ.

"ಎರಡೆರಡು ಕಾಣೋದಾದ್ರೆ ಕಷ್ಟಾನೇ ಬಿಡು. ಒಂದನ್ನೇ ಸಹಿಸೋದು ಕಷ್ಟ ಅಂತಾನೆ ನಿನ್ನ ಅಳಿಯ."

ಅವನ ಹೆಗಲು ಅಲುಗಿತು. ನಗುತ್ತಿದ್ದಾನೆ ಅಂದುಕೊಂಡೆ. ನಗುತ್ತಲೇ ಇದ್ದ, ಕಣ್ಣೀರೂ ಇಳಿಯುತ್ತಿತ್ತು. ಹಳದಿ ಬಟ್ಟೆಯಲ್ಲಿ ಮುಖ ಒರೆಸಿಕೊಂಡ.

"ಆರು ವರ್ಷ ಕಾದಿದ್ದೆ ನೀನು. ನಾನು ಹೋಗಿ..."

"ಅಪ್ಪ, ನೀನು ವಿಷ ಅಂತ ಕೊಟ್ಯಾ?"

"ಇಲ್ಲ."

"ಮತ್ತೆ?"

ಬಟ್ಟೆಯನ್ನು ಮಡಿಸಿಟ್ಟು ಹೇಳಿದ. "ಕೆಲಸ ಹೋದ್ರೆ ನಾನು ಯಾರು ಅಂತ ಭಯ ಆಯ್ತು. ನಿಮ್ಮಮ್ಮಂಗೆ ಹೇಳಿದ್ರೆ ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಾಳೆ. ಡಾಕ್ಟ್ರು ಇನ್ನು ವಾಚು ಮುಟ್ಟಬೇಡ ಅಂತಾರೆ. ಅದಕ್ಕೆ ಹೇಳಲಿಲ್ಲ. ನಂಗಾದ ಭಯ ನಿನ್ನ ಮಗೂಗೆ ಬರೋದು ಬೇಡ ಅಂತ ಕೊಟ್ಟೆ."

ನಾನು ಮೇಜಿನಾಚೆಯಿಂದ ಕೈ ಚಾಚಿ ಅವನ ಕೈ ಹಿಡಿದೆ. ಚರ್ಮ ಇನ್ನೂ ಒರಟಾಗಿಯೇ ಇತ್ತು. "ಸಂಜೆ ಮನೆಗೆ ಬಾ," ಅಂದೆ. ಬಂದ.

ತಲೆನೋವು ಮೊದಲು ಹೋಯಿತು. ಒಂದೂವರೆ ತಿಂಗಳಿಗೆ ಎರಡೆರಡು ಕಾಣುವುದೂ ನಿಂತಿತು. ಮೊಣಕಾಲು, ಕೂದಲು, ಆ ಭಾರವನ್ನೆಲ್ಲ ಹೊತ್ತಿದ್ದ ಲಿವರು ಇವೆಲ್ಲ ತಮ್ಮ ತಮ್ಮ ಲಹರಿಯಲ್ಲಿ ನಿಧಾನವಾಗಿ ಸರಿಹೋದವು. ಆದರೆ ಮೊದಲಿದ್ದ ಮಂಜು ಹಾಗೇ ಇತ್ತು. ಕಣ್ಣಿನ ಡಾಕ್ಟರಮ್ಮ ಆಗ ಹೇಳಿದರು, ಅದು ಪೊರೆ, ವಯಸ್ಸಿಗೆ ಬರುವಂಥದು, ಎಷ್ಟು ವಿಟಮಿನ್ ನುಂಗಿದರೂ ಪೊರೆ ಕರಗುವುದಿಲ್ಲ, ನರದ ಊತ ಪೂರ್ತಿ ಇಳಿದ ಮೇಲೆ ಚಿಕ್ಕ ಆಪರೇಷನ್ ಮಾಡಿದರೆ ಮುಗಿಯಿತು ಅಂತ. "ಇಷ್ಟೇನಾ?" ಅಂದ ಅಪ್ಪ. "ಇಷ್ಟೇ," ಅಂದರು ಅವರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅಮ್ಮ ಅವನನ್ನು ಬೈದಳು. ಎರಡು ತಿಂಗಳಿಂದ ಕೂಡಿಟ್ಟಿದ್ದದ್ದನ್ನೆಲ್ಲ ಒಟ್ಟಿಗೇ ಬೈದಳು. ಅಪ್ಪ ಹೂಂ ಹೂಂ ಅನ್ನುತ್ತಾ ಖುಷಿಯಾಗಿ ನಡೆಯುತ್ತಿದ್ದ. ಮನೆ ಮತ್ತೆ ಮನೆಯಾಯಿತು ಅಂತ ಅವನಿಗೆ ಅನ್ನಿಸಿರಬೇಕು.

ಐದನೆಯ ತಿಂಗಳ ಸ್ಕ್ಯಾನಿಗೆ ಅಪ್ಪ, ಅಮ್ಮ, ನನ್ನ ಗಂಡ ಮೂವರೂ ನನ್ನ ಜೊತೆ ಬಂದರು. ಒಳಗೆ ಬಿಟ್ಟದ್ದು ನನ್ನೊಬ್ಬಳನ್ನೇ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಸವರಿ ಹಿರಿಯ ಡಾಕ್ಟರಮ್ಮ ಪರದೆ ನೋಡುತ್ತಾ ಒಂದೊಂದೇ ಹೇಳುತ್ತಾ ಹೋದರು. ಬೆನ್ನುಮೂಳೆ ಸರಿಯಾಗಿದೆ. ಮಿದುಳು ಸರಿಯಾಗಿದೆ. ಹೃದಯದ ಹತ್ತಿರ ಬಂದಾಗ ಪರದೆಯ ಕಡೆಗೆ ಇನ್ನಷ್ಟು ಬಾಗಿದರು. ನಾನು ಮೇಲೆ ಸೀಲಿಂಗಿನ ಬಿರುಕು ನೋಡುತ್ತಿದ್ದೆ. "ನಾಲ್ಕು ಕೋಣೇನೂ ಚೆನ್ನಾಗಿವೆ," ಅಂದರು. ಆಮೇಲೆ ಮುಖ. ಮಗು ಕೈ ಅಡ್ಡ ಹಿಡಿದುಕೊಂಡಿತ್ತು, ಏನು ಮಾಡಿದರೂ ತೆಗೆಯಲೊಲ್ಲದು. ನನ್ನನ್ನು ಎಬ್ಬಿಸಿ ಹತ್ತು ನಿಮಿಷ ನಡೆದಾಡಿ ಬರಲು ಹೇಳಿದರು.

ಹೊರಗೆ ಬಂದರೆ ಮೂವರೂ ಒಟ್ಟಿಗೆ ಎದ್ದು ನಿಂತರು. "ಇನ್ನೂ ಆಗಿಲ್ಲ, ಮುಖ ತೋರಿಸ್ತಿಲ್ಲ," ಅಂದೆ.

"ಮೊಂಡುತನ ನಿಮ್ಮದೇ," ಅಂದಳು ಅಮ್ಮ ಅಪ್ಪನಿಗೆ.

ಅಪ್ಪ ನನ್ನ ಪಕ್ಕದಲ್ಲಿ ಆ ಉದ್ದದ ಕಾರಿಡಾರಿನಲ್ಲಿ ಆಚೆಗೂ ಈಚೆಗೂ ನಡೆದ. ನಾನು ಹೆಜ್ಜೆ ಹಾಕಿದಷ್ಟೂ ಅವನು ಹಾಕಿದ. ಮತ್ತೆ ಒಳಗೆ ಹೋದಾಗ ಮಗು ಕೈ ತೆಗೆದಿತ್ತು. ತುಟಿ, ಮೂಗು, ಕಿವಿ ಎಲ್ಲ ಇರಬೇಕಾದ ಕಡೆ ಇರಬೇಕಾದ ಹಾಗೆ ಇದ್ದವು. "ಚೆನ್ನಾಗಿದೆಯಮ್ಮ," ಅಂದರು ಡಾಕ್ಟರಮ್ಮ. ನಾನು ಜೆಲ್ಲು ಒರೆಸಿಕೊಳ್ಳುವುದನ್ನೂ ಮರೆತು ಹೊರಗೆ ಓಡಿಬಂದೆ. ಅಪ್ಪ ಕೇಳಿಸಿಕೊಂಡು ಬೆಂಚಿನ ಮೇಲೆ ಕೂತ. ಅಮ್ಮ ಅವನ ಪಕ್ಕ ಕೂತಳು. ಜನ ಓಡಾಡುವ ಜಾಗದಲ್ಲಿ, ಅವನು ಅವಳ ಹೆಗಲಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ.

ಮಗಳು ಹುಟ್ಟಿ ಈಗ ಒಂದು ವರ್ಷದ ಮೇಲಾಯಿತು. ಅಪ್ಪನ ಎರಡೂ ಕಣ್ಣಿನ ಪೊರೆ ತೆಗೆದಾಗಿದೆ. ನಾನು ಕೆಲಸಕ್ಕೆ ಹೋಗುವಾಗ ಅವಳನ್ನು ತವರಿನಲ್ಲಿ ಬಿಟ್ಟು ಹೋಗುತ್ತೇನೆ. ಮಧ್ಯಾಹ್ನ ಅವಳು ಮಲಗುವುದು ತಾತನ ಎದೆಯ ಮೇಲೆ ಮಾತ್ರ. ಸಂಜೆ ಕಚೇರಿ ಮುಗಿಸಿ ಬೇಗ ಬೇಗ ಹೆಜ್ಜೆ ಹಾಕಿ ಬಂದರೆ, ಅವಳಿನ್ನೂ ನಿದ್ದೆಯಲ್ಲೇ ಇರುತ್ತಾಳೆ. ಅವನು ತುಟಿಯ ಮೇಲೆ ಬೆರಳಿಟ್ಟು, ನನ್ನ ಕಡೆ ಕಣ್ಣು ಬಿಟ್ಟು, ಪಿಸುಮಾತಿನಲ್ಲೇ ಗದರುತ್ತಾನೆ. "ಇಷ್ಟು ಬೇಗ ಯಾಕೆ ಬಂದೆ? ಹೋಗಿ ಒಳಗೆ ಅಮ್ಮನ ಹತ್ರ ಸ್ವಲ್ಪ ಹೊತ್ತು ಕೂತ್ಕೋ."